ಬುಡ ಹಿಡಿಯುವ ಕೈ

ಬೀರುವೊಂದನ್ನು ಮೆಟ್ಟಿಲು ಹತ್ತಿಸುವಾಗ ಮೇಲಿನ ತುದಿ ಹಿಡಿದವರು ಹಿಮ್ಮುಖವಾಗಿ ಹತ್ತುತ್ತಾರೆ. ದಾರಿ ಹೇಳುತ್ತಾರೆ, ಗೋಡೆಯ ಬಣ್ಣ ಕೆರೆಯದಂತೆ ನೋಡಿಕೊಳ್ಳುತ್ತಾರೆ, ಬೇಕೆನಿಸಿದರೆ ನಾಲ್ಕು ಮಾತೂ ಆಡುತ್ತಾರೆ. ಕೆಳಗಿನ ತುದಿ ಹಿಡಿದವರಿಗೆ ಮೂಗಿನೆದುರಿನ ಹಲಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಭಾರದ ದೊಡ್ಡ ಪಾಲು ಅವರದು. ಹುರಿಯಕ್ಕನ ಮನೆಯವರು ಮೊದಲಿನವರನ್ನು ‘ತಲೆ’ ಎನ್ನುತ್ತಿದ್ದರು, ಎರಡನೆಯವರನ್ನು ‘ಬುಡ’ ಎನ್ನುತ್ತಿದ್ದರು. ತಲೆ ಯಾರು ಬೇಕಾದರೂ ಹಿಡಿಯಬಹುದು, ಬುಡ ಹಿಡಿಯುವುದಕ್ಕೆ ಯೋಗ್ಯತೆ ಬೇಕು ಎಂಬುದು ಅಲ್ಲಿ ಪ್ರಶ್ನೆಯೇ ಇಲ್ಲದ ಮಾತಾಗಿತ್ತು.

ಆ ಯೋಗ್ಯತೆಯನ್ನು ಅಳೆಯುವುದಕ್ಕೆ ಮನೆಯಲ್ಲಿ ಒಂದು ಕ್ರಮವಿತ್ತು. ಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ ಅವರನ್ನು ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ, ಅಂಗಿಯ ತೋಳು ಮಡಿಸಿ, ಮುಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಚರ್ಮದ ಕೆಳಗೆ ನರಗಳು ಹಗ್ಗದ ಹಾಗೆ ಎದ್ದಿದ್ದರೆ ‘ಕೈ ಬಂತು’ ಎಂದು ಅರ್ಥ. ಕೈ ಬಂದವರಿಗೆ ತೊಗಲಿನ ಪಟ್ಟಿ ಸಿಗುತ್ತಿತ್ತು. ಹೆಗಲಿನಿಂದ ಅಡ್ಡಲಾಗಿ ಇಳಿದು, ಸಾಮಾನಿನ ತಳಕ್ಕೆ ಸುತ್ತಿ, ಎದೆಯ ಮೇಲೆ ಬಕ್ಕಲ್ಲಿನಿಂದ ಬಿಗಿಯುವ ಅಗಲವಾದ ಪಟ್ಟಿ ಅದು. ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ಹುರಿಯಕ್ಕನಿಗೆ ಬಂದಿತ್ತು. ಅದರಲ್ಲಿ ಇದ್ದದ್ದು ಒಂದೇ ತೂತು. ಮೂವರ ಮೈಯೂ ಒಂದೇ ಅಳತೆಯದಾದ್ದರಿಂದ ಇನ್ನೊಂದು ಬೇಕಾಗಿರಲಿಲ್ಲ.

ಹುರಿಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಹುರಿಗಟ್ಟಿದ ಮೈ ಎನ್ನುತ್ತಾರಲ್ಲ, ಅದಕ್ಕೆ ಆಕೆಗಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ತೋಳಿನಲ್ಲಾಗಲಿ ತೊಡೆಯಲ್ಲಾಗಲಿ ಚಿವುಟುವುದಕ್ಕೆ ಒಂದಿಷ್ಟೂ ಸಡಿಲ ಚರ್ಮವಿಲ್ಲ. ಮೀನಖಂಡ ಮರದ ಗಂಟಿನಂತೆ. ಮನೆ ಬದಲಿಸುವ ಗಿರಾಕಿಗಳು ಮೊದಲು ಒಬ್ಬ ಹೆಂಗಸು ಬಂದಳಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಆಕೆ ತೋಳು ಮಡಿಸಿದ ಕೂಡಲೇ ಚಹಾ ತರುವುದಕ್ಕೆ ಓಡುತ್ತಿದ್ದರು. ಗಂಡ ವ್ಯಾನು ಓಡಿಸುತ್ತಿದ್ದ. ಅವನಿಗೆ ಮೆಟ್ಟಿಲಿನ ವ್ಯವಹಾರವೂ ಬೇಡ, ಮಾತಿನ ವ್ಯವಹಾರವೂ ಬೇಡ.

ತಮ್ಮನಿಗೆ ಕೈ ಬರಲಿಲ್ಲ. ಕೆನ್ನೆ, ಹೊಟ್ಟೆ, ಮುಂಗೈ ಎಲ್ಲವೂ ಗುಂಡಗೆ, ಮೆತ್ತಗೆ. ಅಪ್ಪ ಅವನಿಗೆ ದಿಂಬು ಎಂದು ಹೆಸರಿಟ್ಟಿದ್ದರು. "ಕಂಬಳಿ ಕಡಿಮೆ ಬಿದ್ರೆ ಬೀರುಗೂ ಗೋಡೆಗೂ ಮಧ್ಯೆ ಇವನನ್ನ ನಿಲ್ಲಿಸ್ರೋ" ಎಂದು ಗಿರಾಕಿಗಳ ಎದುರೇ ಹೇಳಿ ನಗುತ್ತಿದ್ದರು. ದಿಂಬೂ ನಗುತ್ತಿದ್ದ. ಅವನ ಪಾಲಿಗೆ ಎರಡು ಕೆಲಸ ಬಂದವು: ಮೆಟ್ಟಿಲಿನಲ್ಲಿ ತಲೆ ಹಿಡಿಯುವುದು, ಮತ್ತು ಗೋದಾಮು ನೋಡಿಕೊಳ್ಳುವುದು. ಒಂದು ಮನೆ ಬಿಟ್ಟು ಇನ್ನೊಂದು ಸಿಗುವವರೆಗೆ ಜನ ತಮ್ಮ ಸಾಮಾನು ಇಟ್ಟು ಹೋಗುವ ಗೋದಾಮು. ಯಾರ ಮಂಚ ಯಾವ ಮೂಲೆ, ಯಾರ ಪೆಟ್ಟಿಗೆ ಯಾವ ಅಟ್ಟ ಎಂಬುದು ಅವನಿಗೆ ಬಾಯಿಪಾಠ. ಇಟ್ಟವರೇ ಬಂದು ಕೇಳದ ಹೊರತು ಒಂದು ಸ್ಟೂಲನ್ನೂ ಬಾಗಿಲು ದಾಟಿಸುತ್ತಿರಲಿಲ್ಲ. ಒಮ್ಮೆ ಯಾರದೋ ಅಳಿಯ ಬಂದು ಅತ್ತೆಯ ಟಿವಿ ಕೊಡು ಎಂದು ಗಂಟಲು ಹರಿದುಕೊಂಡಿದ್ದ. ದಿಂಬು ಅವನಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ತಿಳಿಯಾಗಿ ಮಾತಾಡಿಸಿ, ಬರಿಗೈಯಲ್ಲಿ ಕಳಿಸಿದ್ದ. ಇದನ್ನು ಮನೆಯಲ್ಲಿ ಯಾರೂ ಹೆಚ್ಚುಗಾರಿಕೆ ಎಂದುಕೊಂಡಿರಲಿಲ್ಲ.

ಈಗ ಉಳಿದಿದ್ದ ಪ್ರಶ್ನೆ ಮಗಳದು. ಹುರಿಯಕ್ಕನ ಒಬ್ಬಳೇ ಮಗಳು ಓದು ಮುಗಿಸಿ ತಾಯಿಯ ಜೊತೆಗೇ ಕೆಲಸಕ್ಕೆ ಇಳಿದಿದ್ದಳು. ಅವಳಿಗೆ ಆ ಪಟ್ಟಿ ಬಿಟ್ಟು ಬೇರೆ ಆಸೆಯಿರಲಿಲ್ಲ. ಹದಿಹರೆಯ ಕಳೆದರೂ ಕೈ ಬಂದಿರಲಿಲ್ಲ. ಮುಂಗೈ ದಿಂಬು ಮಾಮನದೇ ಅಚ್ಚು. ಆದರೂ ಬೆಳಿಗ್ಗೆ ಎದ್ದರೆ ತಾಯಿ ಮಗಳು ಕಿಟಕಿಯ ಹತ್ತಿರ ನಿಲ್ಲುವುದು ತಪ್ಪುತ್ತಿರಲಿಲ್ಲ.

"ಇಲ್ನೋಡಮ್ಮ, ಇಲ್ಲಿ ಒಂದು ಎಳೆ ಕಾಣ್ತಿದೆ."

"ಅದು ನಿನ್ನೆ ಪೆನ್ನು ತಾಗಿರೋ ಗೆರೆ ಕಣೇ ಪುಟ್ಟಿ."

ಒಳಗಿನಿಂದ ದಿಂಬು ಕೂಗುತ್ತಿದ್ದ: "ಬಿಡಕ್ಕಾ, ಕೈ ಬರದಿದ್ರೂ ಊಟ ಸೇರತ್ತೆ. ನಾನು ಬದುಕಿಲ್ವಾ?"

ಮಗಳಿಗೆ ಆ ಮಾತು ಹಿಡಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ತಾಯಿಗೂ ಹಿಡಿಸುತ್ತಿರಲಿಲ್ಲ.

ಹುರಿಯಕ್ಕ ಮೊದಲ ಬಾರಿಗೆ "ತಡಿ" ಎಂದದ್ದು ಒಬ್ಬ ಹೊಲಿಗೆ ಟೀಚರ ಬೀರು ಸಾಗಿಸುವಾಗ. ಹಳೆಯ ಕಾಲದ ಮರದ ಬೀರು. ಬಾಗಿಲಿಗೆ ಆಳೆತ್ತರದ ಕನ್ನಡಿ. ಟೀಚರ ಹೊಸ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ತಿರುವು ಬೇರೆ. ಎರಡನೆಯ ಮಹಡಿಯ ಹತ್ತಿರ ಪಕ್ಕೆಲುಬಿನ ಕೆಳಗೆ ಯಾರೋ ಮೊಳೆ ಹೊಡೆದು ಬೆನ್ನಿನಿಂದ ಹೊರತೆಗೆದಂತಾಯಿತು. ಬುಡ ಹಿಡಿದವರು ‘ತಡಿ’ ಎನ್ನುವ ಪದ್ಧತಿಯಿರಲಿಲ್ಲ. ಅದು ತಲೆಯವರು ಹೇಳುವ ಮಾತು. ದಿಂಬು ಮರುಪ್ರಶ್ನೆ ಹಾಕಲಿಲ್ಲ. ಇದ್ದಲ್ಲೇ ಮೆಟ್ಟಿಲಿನ ಮೇಲೆ ಕುಳಿತು, ಎರಡೂ ಪಾದಗಳನ್ನು ಗೋಡೆಗೆ ಒತ್ತಿ, ಬೀರುವನ್ನು ತನ್ನ ಕಡೆಗೆ ಎಳೆದು ಹಿಡಿದ. ಹುರಿಯಕ್ಕ ಪಟ್ಟಿ ಬಿಚ್ಚಿ ಒಂದು ಮೆಟ್ಟಿಲು ಕೆಳಗೆ ಸರಿದು ಕುಸಿದಳು. ವ್ಯಾನಿನಿಂದ ಗಂಡ, ಗೋದಾಮಿನಿಂದ ಇಬ್ಬರು ಕೂಲಿಯವರು ಬರುವ ತನಕ ಬೀರು ಅಲ್ಲೇ ಇತ್ತು. ಆ ಹೊತ್ತೆಲ್ಲ ಅದನ್ನು ಹಿಡಿದಿದ್ದವರು ಯಾರು ಎಂದು ಆ ಗಡಿಬಿಡಿಯಲ್ಲಿ ಒಬ್ಬರೂ ಯೋಚಿಸಲಿಲ್ಲ.

ಬೀರು ಕೆಳಗಿಳಿದು ಗೋದಾಮು ಸೇರಿತು. ಹುರಿಯಕ್ಕ ಆಸ್ಪತ್ರೆ ಸೇರಿದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದವನು ಕೊಳವೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಆಕೆಯನ್ನೂ ನೋಡಿದ. ಸ್ವಲ್ಪ ಹೊತ್ತು ನಿಂತ ರಕ್ತದ ಮೇಲ್ಗಡೆ ಹಾಲಿನ ಕೆನೆಯಂಥ ಬಿಳಿ ಪದರ ಕಟ್ಟಿತ್ತು.

"ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ. ನೀರು."

"ನಿಜ ಹೇಳಿಮ್ಮಾ. ಬೆಣ್ಣೆ? ಐಸ್‌ಕ್ರೀಮು?"

"ಹೊಟ್ಟೆ ಹಿಡ್ಕೊಂಡು ಬಂದವಳು ದಾರೀಲಿ ಐಸ್‌ಕ್ರೀಮ್ ತಿಂದ್ಕೊಂಡು ಬರ್ತೀನಾ?"

ಅವನು ನಂಬದೆ ಇನ್ನೊಂದು ಸಲ ರಕ್ತ ತೆಗೆದ. ಅದೂ ಹಾಗೆಯೇ ಇತ್ತು. ಹೊಟ್ಟೆನೋವಿನ ಕಾರಣ ಅಲ್ಲೇ ಸಿಕ್ಕಿತು: ರಕ್ತದಲ್ಲಿ ತೇಲುತ್ತಿದ್ದ ಕೊಬ್ಬು ಅಳತೆ ಮೀರಿ, ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಸುದ್ದಿ ಕೇಳಿದ ದಿಂಬು ದಾದಿಯನ್ನೇ ತಡೆದು ನಿಲ್ಲಿಸಿದ. "ಸಿಸ್ಟರ್, ಬಾಟಲಿ ಅದಲುಬದಲಾಗಿದೆ. ಕೊಬ್ಬು ಅಂದ್ರಲ್ಲ, ಅದು ನಂದು ಇರ್ಬೇಕು. ಆದ್ರೆ ನಾನು ರಕ್ತಾನೇ ಕೊಟ್ಟಿಲ್ವಲ್ಲ."

ಡಾಕ್ಟರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಆಮೇಲೆ ಅದನ್ನೇ ಹುಡುಕುವ ನಡುವಯಸ್ಸಿನ ಹೆಂಗಸು. ನೋವು ಇಳಿದ ಮೇಲೆ ಒಂದು ಬೆಳಿಗ್ಗೆ ಬಂದು, ಹೊಟ್ಟೆ ಮುಟ್ಟುವ ಬದಲು ಹೊದಿಕೆ ಸರಿಸಿ ಮೀನಖಂಡ ನೋಡಿದರು. ತೋಳು ನೋಡಿದರು. ಚರ್ಮ ಚಿವುಟಿದರು.

"ಜಿಮ್‌ಗೆ ಹೋಗ್ತೀರಾ?"

"ಇಲ್ಲ ಡಾಕ್ಟ್ರೇ. ಒಂದ್ಸಲ ಜಿಮ್ಮನ್ನೇ ಬೇರೆ ಬೀದಿಗೆ ಸಾಗಿಸಿದ್ದೀನಿ."

ಡಾಕ್ಟರು ನಕ್ಕರು. "ಮನೇಲಿ ಇನ್ಯಾರಿಗಾದ್ರೂ ಇಂಥ ಕೈಕಾಲು ಇದೆಯಾ?"

ಜೀವಮಾನದಲ್ಲಿ ಆಕೆಗೆ ಅತ್ಯಂತ ಇಷ್ಟವಾದ ಪ್ರಶ್ನೆ ಅದು. ದಿಂಬುವನ್ನು ಓಡಿಸಿ ಗೋದಾಮಿನ ಗೋಡೆಯಲ್ಲಿದ್ದ ಫೋಟೋ ತರಿಸಿದಳು. ಅಜ್ಜಿ, ಅಪ್ಪ, ಸೋದರತ್ತೆ ಮೂವರೂ ಒಂದು ಲೋಹದ ತಿಜೋರಿಯ ಪಕ್ಕ ತೋಳು ಮಡಿಸಿ ನಿಂತಿದ್ದರು. ಹಳೆಯ ಫೋಟೋದಲ್ಲೂ ನರಗಳನ್ನು ಎಣಿಸಬಹುದಿತ್ತು. ಮೂಲೆಯಲ್ಲಿ ಪುಟ್ಟ ದಿಂಬು ಒಂದು ಹೂದಾನಿ ಹಿಡಿದು ನಿಂತಿದ್ದ.

ಡಾಕ್ಟರು ಒಬ್ಬೊಬ್ಬರ ಮೇಲೂ ಬೆರಳಿಟ್ಟು ಕೇಳಿದರು. ಅಜ್ಜಿ? ಸಕ್ಕರೆ ಕಾಯಿಲೆಯಿತ್ತು. ಅತ್ತೆ? ಅವರಿಗೂ ಇತ್ತು. ಅಪ್ಪ? ಹೊಟ್ಟೆನೋವು ಎಂದು ಮಲಗಿದವರು ಎದ್ದಿರಲಿಲ್ಲ. ಭಾರ ಹೊತ್ತು ಹೊತ್ತು ಮೈ ಸವೆಯಿತು ಎಂದು ಮನೆಯವರು ತಿಳಿದುಕೊಂಡಿದ್ದರು. ಹೇಳುತ್ತಾ ಹೋದಂತೆ ಹುರಿಯಕ್ಕನ ದನಿ ತಾನಾಗಿಯೇ ತಗ್ಗಿತು. ಈ ಮೂರು ಉತ್ತರಗಳನ್ನು ಅವಳು ಯಾವತ್ತೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

"ನಿಮ್ಮ ಗೋದಾಮಿದೆ ಅಂದ್ರಲ್ಲ, ಅದನ್ನ ಯಾರು ನೋಡ್ಕೋತಾರೆ?" ಡಾಕ್ಟರು ಕುರ್ಚಿ ಎಳೆದುಕೊಂಡು ಕೇಳಿದರು.

"ಇವನೇ, ನನ್ನ ತಮ್ಮ."

"ಒಂದು ದಿನ ಇವರು ಬಾಗಿಲು ತೆಗೆದಿಟ್ಟು ಹೋದ್ರೆ?"

"ಸಾಮಾನೆಲ್ಲ ಬೀದಿಗೆ ಬರತ್ತೆ. ಆದ್ರೆ ಇವನು ಹೋಗಲ್ಲ ಬಿಡಿ."

"ನಿಮ್ಮ ಮೈಯಲ್ಲಿ ಆಗ್ತಿರೋದು ಅದೇ" ಎಂದರು ಡಾಕ್ಟರು.

ಅವರು ನಿಧಾನವಾಗಿ ಬಿಡಿಸಿ ಹೇಳಿದ್ದು ಇಷ್ಟು. ಮೈಯಲ್ಲಿ ಕೊಬ್ಬು ಕೂಡಿಡುವುದಕ್ಕೆಂದೇ ಜೀವಕೋಶಗಳಿವೆ. ಪ್ರತಿ ಕೋಶದ ಒಳಗೂ ಕೊಬ್ಬು ಒಂದು ದೊಡ್ಡ ಹನಿಯಾಗಿ ಕೂತಿರುತ್ತದೆ. ಆ ಹನಿಯ ಮೈಸುತ್ತ ಪೆರಿಲಿಪಿನ್ ಎಂಬ ಪ್ರೋಟೀನು ಹೊದ್ದುಕೊಂಡಿರುತ್ತದೆ. ಹಸಿವಾದಾಗ, ಮೈ ದುಡಿದಾಗ ಬೇಕಾದಷ್ಟನ್ನೇ ಹೊರಗೆ ಬಿಟ್ಟು, ಉಳಿದ ಹೊತ್ತು ಕೊಬ್ಬು ಕರಗಿಸುವ ಕಿಣ್ವಗಳನ್ನು ದೂರ ಇಡುವುದು ಅದರ ಕೆಲಸ. ಹುರಿಯಕ್ಕನಿಗೆ ತಂದೆಯಿಂದ ಬಂದ ವಂಶವಾಹಿಯಲ್ಲಿ ಆ ಪ್ರೋಟೀನಿನ ಅಚ್ಚು ಕೆಟ್ಟಿರುವ ಹಾಗಿದೆ. ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಕಾಯುವವನು ಸಡಿಲ, ಆದ್ದರಿಂದ ಕೊಬ್ಬು ತೋಳಿನಲ್ಲಿ, ತೊಡೆಯಲ್ಲಿ ನಿಲ್ಲದೆ ಸೋರಿ ರಕ್ತಕ್ಕೆ, ಯಕೃತ್ತಿಗೆ, ಇರಬಾರದ ಕಡೆಗೆಲ್ಲ ಹೋಗಿ ಕೂರುತ್ತದೆ. ನರಗಳು ಎದ್ದು ಕಾಣುವುದು ಅವು ದಪ್ಪ ಎಂದಲ್ಲ, ಮುಚ್ಚುವುದಕ್ಕೆ ಮೇಲೆ ಏನೂ ಇಲ್ಲ ಎಂದು.

ಹುರಿಯಕ್ಕ ತನ್ನ ಮುಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಂದ್ರೆ ನಮಗೆ ಬಲಾನೇ ಇಲ್ವಾ?"

"ಇದೆ. ಬೇಕಾದಷ್ಟಿದೆ. ಅದು ನೀವು ದುಡಿದು ಮಾಡ್ಕೊಂಡಿರೋದು. ನರ ಕಾಣೋದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಷ್ಟೇ. ಕೆಲಸ ಬಿಡಬೇಡಿ, ಓಡಾಡಿದಷ್ಟೂ ಒಳ್ಳೇದು. ಆದ್ರೆ ಸದ್ಯಕ್ಕೆ ಅತಿ ಭಾರ ಬೇಡ. ಎಣ್ಣೆ, ಬೆಣ್ಣೆ ಹೆಸರೆತ್ತಬೇಡಿ. ಮಾತ್ರೆ ತಪ್ಪಿಸಬೇಡಿ." ಡಾಕ್ಟರು ಎದ್ದು, ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಾ ಕೇಳಿದರು: "ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಕರ್ಕೊಂಡು ಬನ್ನಿ. ಇದು ನಾಣ್ಯ ಚಿಮ್ಮಿದ ಹಾಗೆ. ಬಂದಿರಬಹುದು, ಬಾರದೇ ಇರಬಹುದು. ಬಂದಿದ್ರೆ ಈಗಲೇ ಗೊತ್ತಾಗೋದು ಒಳ್ಳೇದು."

ಡಾಕ್ಟರು ಹೊರಗೆ ಹೋಗುವವರೆಗೆ ದಿಂಬು ಮುಖ ಬಿಗಿಹಿಡಿದು ಕೂತಿದ್ದ. ಬಾಗಿಲು ಮುಚ್ಚಿದ್ದೇ ತಡ, ನಗು ಶುರುವಾಯಿತು. ಮಂಚದ ಕಂಬಿ ಹಿಡಿದುಕೊಂಡು ನಕ್ಕ. ಪಕ್ಕದ ಮಂಚದವರು ಎದ್ದು ಕೂತರು.

"ಅಕ್ಕಾ! ಅಪ್ಪ ಇರ್ಬೇಕಿತ್ತು ಅಕ್ಕಾ! ಇಷ್ಟು ವರ್ಷ ನನ್ನನ್ನ ಕಿಟಕಿ ಹತ್ರ ನಿಲ್ಸಿ ತಲೆ ಚಚ್ಕೊಂಡ್ರಲ್ಲ. ಇಡೀ ವಂಶದಲ್ಲಿ ಸರಿಯಾಗಿರೋ ಮಾಲು ನಾನೊಬ್ಬನೇ!"

"ಹೊಟ್ಟೆ ನೋಯತ್ತೆ, ನಗಿಸಬೇಡ ಕಣೋ."

"ನಿನ್ನ ಮೈಯಲ್ಲಿ ಏನಿಲ್ವಂತೆ ಹೇಳು?"

"ದಿಂಬು ಇಲ್ವಂತೆ" ಎಂದಳು ಹುರಿಯಕ್ಕ. ಹೇಳಿ ಅವಳೂ ನಕ್ಕಳು. ನಗು ನಿಂತ ಮೇಲೆ ಅವನ ಅಂಗಿಯ ತೋಳು ಹಿಡಿದು, "ಪುಟ್ಟಿಗೆ ಈಗಲೇ ಹೇಳಬೇಡ" ಎಂದಳು. "ನಾನೇ ಹೇಳ್ತೀನಿ."

ಹೇಳಲಿಲ್ಲ. ಮನೆಗೆ ಬಂದು ವಾರಗಳು ಕಳೆದವು, ಆಕೆಯ ಪರೀಕ್ಷೆಯ ಫಲವೂ ಬಂದು ಡಾಕ್ಟರ ಮಾತು ನಿಜವಾಯಿತು. ಮಗಳಿಗೆ ಹೇಳುವ ಮಾತನ್ನು ಮಾತ್ರ ಆಕೆ ನಾಳೆಗೆ, ನಾಳಿದ್ದಿಗೆ ತಳ್ಳುತ್ತಾ ಹೋದಳು. ಬಂದಿದೆ ಎಂದು ತಿಳಿದರೆ ಮಗಳು ಕುಣಿದಾಳು. ಬಂದಿಲ್ಲ ಎಂದು ತಿಳಿದರೆ ಅತ್ತಾಳು. ತನ್ನ ಮಗಳನ್ನು ಈ ಸ್ಥಿತಿಗೆ ತಂದವಳು ತಾನೇ ಎಂಬುದು ಹುರಿಯಕ್ಕನಿಗೆ ಗೊತ್ತಿತ್ತು. ಮನೆಯಲ್ಲಿ ಉಳಿದ ವಿಷಯಗಳು ನಗೆಪಾಟಲಾಗಿಯೇ ನಡೆದವು. ಊಟದ ಮೇಜಿನ ಒಂದು ಕಡೆ ಹುರಿಯಕ್ಕ ಒಣ ಬ್ರೆಡ್ಡು, ಬೇಯಿಸಿದ ತರಕಾರಿ ಇಟ್ಟುಕೊಂಡು ಕೂರುತ್ತಿದ್ದಳು. ಎದುರು ದಿಂಬು ಬ್ರೆಡ್ಡಿನ ಮೂಲೆ ಮೂಲೆಗೂ ಬೆಣ್ಣೆ ತಲುಪುವ ಹಾಗೆ ಹಚ್ಚುತ್ತಿದ್ದ.

"ಸ್ವಲ್ಪ ಆ ಕಡೆ ತಿರುಗಿ ತಿನ್ನೋ ಪಾಪಿ."

"ಡಾಕ್ಟ್ರು ನಿನಗೆ ತಿನ್ನಬೇಡ ಅಂದಿದ್ದು ಅಕ್ಕಾ, ನೋಡಬೇಡ ಅನ್ನಲಿಲ್ಲ."

ಬೆಳಗಿನ ಕಿಟಕಿಯ ಶಾಸ್ತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಮಗಳು ಕಾರಣ ಕೇಳುತ್ತಿದ್ದಳು. ಹುರಿಯಕ್ಕ ಹಿಂದಿನ ಹಾಗೆಯೇ ಮುಂಗೈ ತಿರುಗಿಸಿ ನೋಡುತ್ತಿದ್ದಳು. ಏನೂ ಕಾಣದಿದ್ದಾಗ ಮಗಳ ಮುಖ ಬಾಡುತ್ತಿತ್ತು. ತಾಯಿಯ ಎದೆಯಿಂದ ಕಲ್ಲು ಇಳಿಯುತ್ತಿತ್ತು. ಅದೇ ಕಿಟಕಿ, ಅದೇ ಕೈ.

ಒಂದು ಬೆಳಿಗ್ಗೆ ಮಗಳು ಹೊರಗಿನಿಂದ ಓಡಿ ಬಂದಳು. ಮುಖ ಕೆಂಪಾಗಿತ್ತು, ಬೆವರು ಇಳಿಯುತ್ತಿತ್ತು.

"ಅಮ್ಮಾ! ಬಂತು! ಕೈ ಬಂತು!"

ಹುರಿಯಕ್ಕನ ಕೈಯಿಂದ ಚಹಾದ ಲೋಟ ಜಾರಿತು. ಮಗಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ನರವೊಂದು ಎದ್ದು ನಿಂತಿತ್ತು. ಮಗಳು ಮುಷ್ಟಿ ಬಿಗಿದು ತೋರಿಸಿದಳು, ಬಿಚ್ಚಿ ತೋರಿಸಿದಳು. ತಾಯಿ ನೆಲದ ಮೇಲೆ ಹರಿಯುತ್ತಿದ್ದ ಚಹಾ ನೋಡುತ್ತಾ ನಿಂತಳು.

"ಏನಮ್ಮಾ? ಖುಷಿ ಆಗ್ಲಿಲ್ವಾ?"

"ಕೂತ್ಕೋ" ಎಂದಳು ಹುರಿಯಕ್ಕ.

ಆಗ ಎಲ್ಲವನ್ನೂ ಹೇಳಿದಳು. ಹನಿ, ಹೊದಿಕೆ, ಗೋದಾಮು, ಅಜ್ಜ ಮಲಗಿದವರು ಏಳದೇ ಹೋದದ್ದು. ಮುಗಿದ ಮೇಲೆ ಮಗಳು ಮಡಿಸಿದ್ದ ತೋಳನ್ನು ನಿಧಾನವಾಗಿ ಇಳಿಸಿಕೊಂಡಳು.

"ದಿನಾ ಕಿಟಕಿ ಹತ್ರ ನಿಲ್ಲಿಸ್ತಿದ್ದೋಳು ನೀನೇ ತಾನೆ?"

"ನಾನೇ."

"ಆಸ್ಪತ್ರೆಯಿಂದ ಬಂದ್ಮೇಲೂ ನಿಲ್ಲಿಸ್ದೆ."

"ನಿಲ್ಲಿಸ್ದೆ. ಕಾಣದೇ ಇರ್ಲಿ ಅಂತ ನೋಡ್ತಿದ್ದೆ."

ಮಗಳು ಎದ್ದು ಹೋಗಿ ನೆಲ ಒರೆಸುವ ಬಟ್ಟೆ ತಂದು ಚಹಾ ಒರೆಸಿದಳು. ಜೋರಾಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಆಮೇಲೆ ನೆಲ ನೋಡುತ್ತಲೇ ಹೇಳಿದಳು: "ಗೋದಾಮಿನ ಹಿಂದೆ ಮರಳಿನ ಚೀಲ ಕಟ್ಕೊಂಡು ದಿನಾ ಓಡ್ತಿದ್ದೀನಿ. ನೀರೂ ಕಡಿಮೆ ಕುಡೀತಿದ್ದೆ, ನರ ಕಾಣತ್ತೆ ಅಂತ ಯಾರೋ ಹೇಳಿದ್ರು. ಮಾಮಂಗೆ ಗೊತ್ತು."

ಬಾಗಿಲಲ್ಲಿ ನಿಂತಿದ್ದ ದಿಂಬು ಎರಡು ಕೈಯನ್ನೂ ಮೇಲೆತ್ತಿದ. "ಚೀಲ ಗೋದಾಮಿನದು. ಹೊರಗೆ ಹೋಗಕ್ಕೆ ನಾನು ಒಪ್ಪಿಗೆ ಕೊಟ್ಟಿರ್ಲಿಲ್ಲ. ಹಿತ್ತಿಲಲ್ಲಿ ಮಾತ್ರ."

ಆ ದಿನವೇ ಮೂವರೂ ಡಾಕ್ಟರ ಬಳಿ ಹೋದರು. ದಿಂಬು ತನ್ನದನ್ನೂ ಪರೀಕ್ಷಿಸಲೇಬೇಕೆಂದು ಹಟ ಹಿಡಿದ. ಇಷ್ಟು ವರ್ಷದ ಅವಮಾನಕ್ಕೆ ತನಗೆ ಒಂದು ಅಧಿಕೃತ ಮಾತು ಬೇಕು ಎಂದ. ಹಿಂದಿನ ರಕ್ತ ತೆಗೆಯುವವನೇ ಇದ್ದ. ಮಗಳ ರಕ್ತದ ಕೊಳವೆ ನಿಲ್ಲಿಸಿದ ಕೂಡಲೇ ಹುರಿಯಕ್ಕ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದಳು. "ಅಷ್ಟು ಬೇಗ ಕೆನೆ ಕಟ್ಟಲ್ಲಮ್ಮಾ, ಇದೇನು ಹಾಲಿನ ಡೈರಿಯಾ?" ಎಂದು ಅವನು ಕೊಳವೆಯನ್ನು ದೂರ ಇಟ್ಟ. ಸಂಜೆಯವರೆಗೆ ಆಕೆ ಆ ಕೋಣೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಕೆನೆ ಕಟ್ಟಲಿಲ್ಲ. ಆದರೆ ಅಷ್ಟರಿಂದಲೇ ಹೇಳಲಾಗದು, ಮಗಳು ಇನ್ನೂ ಚಿಕ್ಕವಳು, ವಂಶವಾಹಿಯ ಪರೀಕ್ಷೆಯ ಫಲ ಬರಬೇಕು ಎಂದರು ಡಾಕ್ಟರು.

ಕಾಯುವ ದಿನಗಳಲ್ಲಿ ಹೊಲಿಗೆ ಟೀಚರು ಆಗಾಗ ಫೋನು ಮಾಡುತ್ತಿದ್ದರು. "ನನ್ನ ಬಟ್ಟೆಯೆಲ್ಲ ಕುರ್ಚಿ ಮೇಲೇ ಬದುಕ್ತಿವೆಯಮ್ಮಾ. ಕೂತ್ಕೊಳ್ಳೋಣ ಅಂದ್ರೆ ಮನೇಲಿ ಜಾಗ ಇಲ್ಲ. ಬೇರೆ ಯಾರನ್ನಾದ್ರೂ ಕರೆಸ್ಲಾ?" ಹುರಿಯಕ್ಕ ಪ್ರತಿ ಸಲವೂ ಬೇಡ ಎನ್ನುತ್ತಿದ್ದಳು. ಆ ಬೀರುವಿನ ಬುಡವನ್ನು ಹೊರಗಿನವರು ಹಿಡಿಯುವುದು ಅವಳಿಗೆ ಬೇಕಿರಲಿಲ್ಲ. ಹಾಗಾದರೆ ಯಾರು ಹಿಡಿಯುತ್ತಾರೆ ಎಂದು ಟೀಚರು ಕೇಳುವ ಮೊದಲೇ ಫೋನು ಇಟ್ಟುಬಿಡುತ್ತಿದ್ದಳು.

ಫಲ ಬಂದ ದಿನ ಡಾಕ್ಟರು ಬಾಗಿಲಲ್ಲೇ ನಗುತ್ತಾ ನಿಂತಿದ್ದರು. ಒಳಗೆ ಕರೆದು ಕೂರಿಸಿ, ಮೊದಲು ಮಗಳ ಕಡೆಗೆ ತಿರುಗಿದರು. "ನಿಮಗೆ ಬಂದಿಲ್ಲ. ನಿಮ್ಮ ಪ್ರೋಟೀನು ತನ್ನ ಕೆಲಸ ಸರಿಯಾಗಿ ಮಾಡ್ತಿದೆ. ಆ ನರ ಓಡಿದ್ದಕ್ಕೆ ಎದ್ದಿದ್ದು, ನೀರು ಕುಡಿಯದೇ ಇದ್ದಿದ್ದಕ್ಕೆ ಎದ್ದಿದ್ದು. ನೀರು ಕುಡೀರಿ."

ಹುರಿಯಕ್ಕ ಕೈಚೀಲದಲ್ಲಿ ಏನೋ ಹುಡುಕತೊಡಗಿದಳು. ಚೀಲದಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಮಗಳು ಒಮ್ಮೆ ನಕ್ಕಳು, ಆಮೇಲೆ ಅವಳ ಕಣ್ಣೂ ತುಂಬಿತು. ಅದು ಸಮಾಧಾನವೋ ನಿರಾಸೆಯೋ ಅವಳಿಗೇ ತಿಳಿದಂತಿರಲಿಲ್ಲ.

"ನಂದು?" ಎಂದ ದಿಂಬು.

"ನಿಮಗೂ ಇಲ್ಲ. ತೂಕ ಮಾತ್ರ ಸ್ವಲ್ಪ ಇಳಿಸಿ."

"ಇಳಿಸ್ತೀನಿ ಡಾಕ್ಟ್ರೇ. ಆದ್ರೆ ಮೊದಲು ಇವತ್ತೊಂದು ದಿನ ಆಚರಿಸ್ತೀನಿ." ಸೋದರಸೊಸೆಯ ಬೆನ್ನು ತಟ್ಟಿದ. "ಬಾರೇ, ನಮ್ಮ ಪಾರ್ಟಿಗೆ ಸೇರ್ಕೋ. ಇಷ್ಟು ದಿನ ನಾನೊಬ್ಬನೇ ಸದಸ್ಯ, ನಾನೇ ಅಧ್ಯಕ್ಷ."

ವ್ಯಾನಿನಲ್ಲಿ ಹಿಂತಿರುಗುವಾಗ ಮಗಳು ಕೇಳಿದಳು: "ಹಾಗಾದ್ರೆ ಪಟ್ಟಿ ಯಾರಿಗಮ್ಮಾ?"

ವ್ಯಾನು ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಆಗ ಗಂಡ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, ಆ ತಿಂಗಳಿನ ತನ್ನ ಮೊದಲ ಉದ್ದ ಮಾತಾಡಿದ.

"ಅವತ್ತು ನಾನು ಮೇಲೆ ಬರೋ ಹೊತ್ತಿಗೆ ಆ ಬೀರು ಹಿಡ್ಕೊಂಡಿದ್ದು ಇವನೊಬ್ಬನೇ. ನಾವು ಮೂರು ಜನ ಸೇರಿ ಇಳಿಸಿದ್ವಿ."

ಹುರಿಯಕ್ಕ ತಿರುಗಿ ತಮ್ಮನನ್ನು ನೋಡಿದಳು. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

"ನೀನ್ಯಾಕೋ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀನು ನೆಲದ ಮೇಲೆ ಬಿದ್ದಿದ್ದೆ. ನಾನು ಬಿಟ್ಟಿದ್ರೆ ನಿನ್ನ ಮೇಲೇ ಬರ್ತಿತ್ತು." ಮತ್ತೆ ಸೇರಿಸಿದ: "ಕನ್ನಡೀನೂ ಒಡೀತಿತ್ತು."

ಮರುದಿನ ಬೀರು ಗೋದಾಮಿನಿಂದ ಹೊರಬಿತ್ತು. ಟೀಚರೇ ಕೆಳಗಿಳಿದು ಬಂದು ತಮ್ಮ ಸಾಮಾನು ಗುರುತಿಸುವವರೆಗೆ ದಿಂಬು ಅದನ್ನು ವ್ಯಾನಿನಿಂದ ಇಳಿಸಲು ಬಿಡಲಿಲ್ಲ. ಹುರಿಯಕ್ಕ ಪಟ್ಟಿಯನ್ನು ಅವನ ಹೆಗಲಿಗೆ ಹಾಕಿ ಎದೆಯ ಮೇಲೆ ಎಳೆದಳು. ತೂತು ಬಕ್ಕಲ್ಲಿನ ಹತ್ತಿರವೂ ಬರಲಿಲ್ಲ.

"ಉಸಿರು ಒಳಗೆ ಎಳ್ಕೊಳ್ಳೋ."

"ಎಳ್ಕೊಂಡೇ ಇದ್ದೀನಿ ಅಕ್ಕಾ. ಇದಕ್ಕಿಂತ ಎಳೆದ್ರೆ ಬೆನ್ನಿಂದ ಹೊರಗೆ ಬರತ್ತೆ."

ಟೀಚರು ಈ ಅವಸ್ಥೆ ನೋಡಿ ಮನೆಯಿಂದ ತೂತು ಹೊಡೆಯುವ ಇಕ್ಕಳ ತಂದರು. ಬಟ್ಟೆಗೆ ಗುಂಡಿ ಕೂರಿಸುವವರ ಗಟ್ಟಿ ಇಕ್ಕಳ ಅದು. ಪಟ್ಟಿಯ ತುದಿಯಲ್ಲಿ, ಹಳೆಯ ತೂತಿನಿಂದ ಬಹಳ ದೂರದಲ್ಲಿ, ಒಂದು ಹೊಸ ತೂತು ಬಿತ್ತು. "ಇನ್ನೊಂದು ಇಲ್ಲಿ ಹೊಡೀರಿ" ಎಂದು ಮಗಳು ಎರಡರ ನಡುವೆ ಬೆರಳಿಟ್ಟು ತೋರಿಸಿದಳು. ಟೀಚರು ತಾಯಿಯ ಮುಖ ನೋಡಿದರು. ಹುರಿಯಕ್ಕ "ಹೊಡೀರಿ" ಎಂದಳು.

ಅಂದು ಹುರಿಯಕ್ಕ ಮೊದಲ ಬಾರಿಗೆ ತಲೆ ಹಿಡಿದಳು. ಹಿಮ್ಮುಖವಾಗಿ ಹತ್ತುವುದು ಅವಳು ಎಣಿಸಿದಷ್ಟು ಸುಲಭವಿರಲಿಲ್ಲ. ಕಾಲಿಗೆ ಮೆಟ್ಟಿಲು ಸಿಗದೆ ಎರಡು ಸಲ ತಡವರಿಸಿದಳು. ಗೋಡೆಯ ಬಣ್ಣವನ್ನು ಒಂದು ಕಡೆ ಕೆರೆದೂ ಬಿಟ್ಟಳು. ಆದರೆ ಅಲ್ಲಿಂದ ಎಲ್ಲವೂ ಕಾಣುತ್ತಿತ್ತು: ಮೆಟ್ಟಿಲ ಕಿಟಕಿ, ಎದುರು ಮನೆಯವರು ಒಣಗಲು ಹಾಕಿದ ಹಾಸಿಗೆಯ ಬಟ್ಟೆ, ಬೀರುವಿನ ಆಚೆ ಕೆಂಪಾಗಿ ಹೊಳೆಯುವ ತಮ್ಮನ ಮುಖ, ಅವನ ಪಕ್ಕದಲ್ಲೇ ಒಂದೊಂದೇ ಮೆಟ್ಟಿಲು ಏರುತ್ತಿದ್ದ ಮಗಳು.

"ದಾರಿ ಹೇಳಕ್ಕಾ! ಹಲಗೆ ಬಿಟ್ರೆ ಏನೂ ಕಾಣ್ತಿಲ್ಲ!"

"ಹೇಳ್ತೀನಿ ಇರು. ಸ್ವಲ್ಪ ಎಡಕ್ಕೆ."

"ಯಾರ ಎಡಕ್ಕೆ?"

"ನಿನ್ನ ಎಡಕ್ಕೆ ಕಣೋ. ನನ್ನ ಎಡಕ್ಕೆ ಗೋಡೆ ಇದೆ."

ಹಿಂದೆ ನಿಂತುಹೋಗಿದ್ದ ಜಾಗದಲ್ಲಿ ಬೀರುವನ್ನು ಇಳಿಸಿ ಉಸಿರಾಡಿದರು. ದಿಂಬು ಪಟ್ಟಿ ಬಿಚ್ಚಿ ಸೊಸೆಯ ಹೆಗಲಿಗೆ ಹಾಕಿದ. ಮಗಳು ನಡುವಿನ ತೂತಿಗೆ ಬಕ್ಕಲ್ಲು ಸಿಕ್ಕಿಸಿ, ಮಂಡಿ ಬಗ್ಗಿಸಿ, ಬುಡಕ್ಕೆ ಭುಜ ಕೊಟ್ಟಳು. ಮಾಮ ಪಕ್ಕಕ್ಕೆ ನಿಂತು ಒಂದು ಕೈ ಆನಿಸಿದ. ಎರಡನೆಯ ತಿರುವಿನಲ್ಲಿ ಅದನ್ನೂ ತೆಗೆದ. ಬೀರು ಒಮ್ಮೆಯೂ ಹಿಂದಕ್ಕೆ ಜಾರಲಿಲ್ಲ.

ಮೇಲೆ ಟೀಚರ ಕೋಣೆಯಲ್ಲಿ ಕುರ್ಚಿಗಳ ಮೇಲಿನ ಬಟ್ಟೆಗಳ ಗುಡ್ಡೆ ಸರಿಸಿ ಜಾಗ ಮಾಡಿದರು. ಬೀರುವನ್ನು ಕೆಳಗಿಟ್ಟ ಮೇಲೆ ಮಗಳು ಅಭ್ಯಾಸದಂತೆ ಕಿಟಕಿಯ ಹತ್ತಿರ ಹೋಗಿ ತೋಳು ಮಡಿಸಿ ಮುಂಗೈ ನೋಡಿಕೊಂಡಳು. ದಣಿವಿಗೆ ಒಂದು ನರ ಎದ್ದಿತ್ತು. ಅವಳು ಅದನ್ನು ತಾಯಿಗೆ ತೋರಿಸಿದಳು. ತಾಯಿ ನೋಡಿ, ಟೀಚರು ಕೊಟ್ಟ ನೀರಿನ ಲೋಟವನ್ನು ಆ ಕೈಗೇ ಹಿಡಿಸಿದಳು.

"ಕುಡಿ. ಆಮೇಲೆ ಬಂದು ಇದನ್ನ ಗೋಡೆಗೆ ಸರಿಸು, ನಿನ್ನ ಮಾಮ ಆಗ್ಲೇ ಕುರ್ಚಿ ಹುಡುಕ್ತಿದ್ದಾನೆ."

ಲೋಟ ಖಾಲಿಯಾಗಿ, ಬೀರು ಗೋಡೆಗೆ ತಾಗಿ ನಿಂತು, ಕನ್ನಡಿಯಲ್ಲಿ ಮೂವರ ಬೆವರಿದ ಮುಖ ಕಾಣುವ ಹೊತ್ತಿಗೆ ಆ ನರ ಇಳಿದುಹೋಗಿತ್ತು.